ಮುಗಿಲಣ್ಣ ಊಟ ಮಾಡಿದನಾ?

ಮುಗಿಲವೀರ ಸಿನಿಮಾದ ಎರಡನೇ ಭಾಗ ಬರುತ್ತಿದೆಯಂತೆ. ಸೂಲಿಬೆಲೆ ದಾಟಿ ದೇವನಹಳ್ಳಿಯ ಕಡೆ ಹೋಗುವಾಗ ರಸ್ತೆಯ ಪಕ್ಕದಲ್ಲಿ ಮಹಡಿ ಮನೆಯಷ್ಟು ಎತ್ತರದ ಫ್ಲೆಕ್ಸ್ ಹಾಕಿದ್ದಾರೆ. ಅದರಲ್ಲಿ ಮುಗಿಲವೀರ ಎದೆ ಉಬ್ಬಿಸಿಕೊಂಡು, ಬಾಯಿ ಅಗಲಿಸಿಕೊಂಡು, ಯಾರ ಮೇಲೋ ಕೂಗಾಡುತ್ತಿದ್ದಾನೆ. ಬಸ್ಸಿನ ಕಿಟಕಿಯಿಂದ ನೋಡಿದ್ದೇ ನನಗೆ ಮೈಯೆಲ್ಲ ಉರಿಯಿತು. ನಿನಗೆ ಕೂಗಾಡುವುದನ್ನು ಯಾರಯ್ಯಾ ಹೇಳಿಕೊಟ್ಟರು ಎಂದು ಇಳಿದು ಹೋಗಿ ಕೇಳಬೇಕು ಅನ್ನಿಸಿತು. ಬಸ್ಸು ಅವನನ್ನು ಹಿಂದೆ ಬಿಟ್ಟು ಹೋದ ಮೇಲೆ ಕೋಪ ಇಳಿಯಿತು. ಆ ಫ್ಲೆಕ್ಸಿನ ಫೋಟೊ ತೆಗೆದು ಕಳಿಸೋಣ ಎಂದರೆ, ಇಬ್ಬರೂ ಸೇರಿ ಚೆನ್ನಾಗಿ ಬೈಯೋಣ ಎಂದರೆ, ಅಕ್ಕ ಇಲ್ಲ. ಹೋದ ಅವರೆಕಾಯಿ ಕಾಲದಲ್ಲಿ ತೀರಿಕೊಂಡಳು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ದೊಡ್ಡಬಳ್ಳಾಪುರದಲ್ಲಿ ನಾನು ಹುಟ್ಟಿ ಬೆಳೆದ ಬೀದಿಯ ಎದುರು ಮನೆಯವಳು. ನಮ್ಮಮ್ಮನೂ ಅವಳನ್ನು ಅಕ್ಕ ಎನ್ನುತ್ತಿದ್ದಳು, ನಾನೂ ಅಕ್ಕ ಎನ್ನುತ್ತಿದ್ದೆ, ಕೇಳಿ ಕೇಳಿ ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಅಕ್ಕ ಎಂದೇ ಕರೆಯುತ್ತಿದ್ದಳು. ಹೆಸರು ಬರೆಯುವುದಿಲ್ಲ. ಬರೆದಿದ್ದರೆ, "ನನ್ ಹೆಸ್ರು ಪೇಪರಲ್ಲಿ ಯಾಕೆ ಹಾಕ್ಸುದ್ಯೇ? ನಾನೇನು ಎಲೆಕ್ಷನ್‌ಗೆ ನಿಂತಿದ್ನಾ?" ಎಂದು ಜಾಡಿಸುತ್ತಿದ್ದಳು.

ನಮ್ಮದು ನೇಕಾರರ ಬೀದಿ. ಪ್ರತಿ ಮನೆಯಲ್ಲೂ ಮುಂದಿನ ಅರ್ಧ ಮಗ್ಗಗಳಿಗೆ, ಹಿಂದಿನ ಅರ್ಧ ಮನುಷ್ಯರಿಗೆ. ಕರೆಂಟಿನ ಮಗ್ಗದ ಸದ್ದು ಹೇಗಿರುತ್ತದೆ ಎಂದು ಕೇಳದವರಿಗೆ ಹೇಳುವುದು ಕಷ್ಟ. ಲಾಳಿ ಆ ಕಡೆಯಿಂದ ಈ ಕಡೆಗೆ ಹೊಡೆಯುವ ಖಟಖಟ ಗೋಡೆಯಲ್ಲಿ, ನೆಲದಲ್ಲಿ, ಕುಡಿಯುವ ನೀರಿನ ಲೋಟದಲ್ಲಿ, ಹಲ್ಲಿನಲ್ಲಿ ಇರುತ್ತದೆ. ಅದರ ನಡುವೆ ಕೂಗಿ ಮಾತಾಡಿದರೆ ಸಂಜೆಯ ಹೊತ್ತಿಗೆ ಗಂಟಲು ಹೋಗುತ್ತದೆ. ಹಾಗಾಗಿ ನಮ್ಮ ಬೀದಿಯವರು ಕೂಗುವುದಿಲ್ಲ. ಎದುರಿಗೆ ಬಂದು ನಿಂತು, ಸದ್ದಿಲ್ಲದೆ, ಬರೀ ಬಾಯಾಡಿಸಿ ಮಾತಾಡುತ್ತೇವೆ. ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ಸಾಲದ್ದಕ್ಕೆ ಕೈ ಇದೆ, ಹುಬ್ಬು ಇದೆ. ನಾನು ಓದು ಕಲಿಯುವುದಕ್ಕೆ ಮೊದಲು ತುಟಿ ಓದುವುದನ್ನು ಕಲಿತವಳು.

ಈ ವಿದ್ಯೆಯಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ. ಒಂದು ಸಲ ಆವತಿಯಲ್ಲಿ ಯಾರದೋ ಮದುವೆ. ಚಪ್ಪರದ ಈ ತುದಿಯಲ್ಲಿ ಅಕ್ಕ, ಆ ತುದಿಯಲ್ಲಿ ನಮ್ಮಮ್ಮ, ನಡುವೆ ಊರೆಲ್ಲ. ಅಕ್ಕ ಕೂತಲ್ಲಿಂದಲೇ ಬಾಯಾಡಿಸಿ ಹೇಳಿದಳು: "ಗಂಡಿನ ತಲೆ ನೋಡೇ, ಟೋಪನ್ನು." ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಗಂಡಿನ ಕಡೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಅಕ್ಕನ ಕಡೆ ತಿರುಗಿ, ಅವಳೂ ಸದ್ದಿಲ್ಲದೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: "ಟೋಪನ್ ಅಲ್ಲ. ನಮ್ಮ ತಮ್ಮನ ಸ್ವಂತ ಕೂದ್ಲು." ಆಕೆಯೂ ಮಗ್ಗದ ಮನೆಯವಳೇ! ಅಕ್ಕನಿಗೆ ಅವತ್ತು ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಆ ಹೆಂಗಸೇ ಬಂದು ಪಕ್ಕದಲ್ಲಿ ಕೂತು, "ನಂಗೂ ಮೊದ್ಲು ಹಂಗೇ ಅನ್ಸಿತ್ತು" ಎಂದು ನಕ್ಕ ಮೇಲೆ ಅಕ್ಕ ಪಾಯಸ ಹಾಕಿಸಿಕೊಂಡಳು.

ಶನಿವಾರ ಬಟವಾಡೆ, ವಾರದ ಕೂಲಿ ಕೈಗೆ ಬರುವ ದಿನ. ಬೀದಿಯ ಹೆಂಗಸರು ಸಂತೆಗೆ ಹೋಗಿ ಹೂವು, ಬಳೆ ಎಂದು ನಿಂತರೆ ಅಕ್ಕ ನೇರ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗೆ ಹೋಗುತ್ತಿದ್ದಳು. ಅಲ್ಲಿ ತಿಂಗಳಿಗೊಂದು ಸಲ ಚಿತ್ರಕತೆಯ ಪುಸ್ತಕ ಬರುತ್ತಿತ್ತು, 'ಮುಗಿಲವೀರ'. ಮಕ್ಕಳ ಪುಸ್ತಕ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಬಂದ ಹೆಂಗಸು, ಮದುವೆಯಾಗಿ ಮಗಳಿದ್ದವಳು, ಅದನ್ನು ಸೆರಗಿನೊಳಗೆ ಇಟ್ಟುಕೊಂಡು ತರುತ್ತಿದ್ದಳು. ಅವಳ ಯಜಮಾನರು, "ಬಂತಾ ನಿನ್ ಮುಗಿಲು? ಮಳೆ ಗಿಳೆ ಏನಾದ್ರೂ ಉಂಟಾ?" ಎಂದು ರೇಗಿಸುತ್ತಿದ್ದರು. ಅವಳು ಅವರ ಕಡೆ ನೋಡುತ್ತಲೂ ಇರಲಿಲ್ಲ. ಅವಳ ಬಾಯಲ್ಲಿ ಮುಗಿಲವೀರ ಮುಗಿಲಣ್ಣನಾದ, ಅವನ ಕಪ್ಪು ನಿಲುವಂಗಿ ಕಂಬಳಿಯಾಯಿತು.

ಮುಗಿಲಣ್ಣನಿಗೆ ಇದ್ದದ್ದು ಒಂದೇ ಶಕ್ತಿ. ಅವನು ಕಂಬಳಿ ಬೀಸಿದರೆ ಅದರ ನೆರಳು ಬಿದ್ದಲ್ಲೆಲ್ಲ ಸದ್ದು ಸತ್ತುಹೋಗುತ್ತಿತ್ತು. ಕೋವಿ ಗುಂಡು ಹಾರಿಸುತ್ತಿರಲಿಲ್ಲ, ದುಷ್ಟರ ಯಂತ್ರ ತಿರುಗುತ್ತಿರಲಿಲ್ಲ, ಕೂಗುವವನ ಬಾಯಿಂದ ದನಿ ಹೊರಡುತ್ತಿರಲಿಲ್ಲ. ಅವನೂ ಹೆಚ್ಚು ಮಾತಾಡುವವನಲ್ಲ. ಬಂದು, ಕೆಲಸ ಮುಗಿಸಿ, ಹಳ್ಳಿಯಲ್ಲಿರುವ ಅಮ್ಮನ ಹತ್ತಿರ ಏನೂ ಗೊತ್ತಿಲ್ಲದವನ ಹಾಗೆ ಹೋಗಿ ಕೂತುಕೊಳ್ಳುತ್ತಿದ್ದ. ಬೇರೆ ಊರಿನ ಮಕ್ಕಳಿಗೆ ಹಾರುವವನು, ಬೆಟ್ಟ ಎತ್ತುವವನು ಬೇಕಿದ್ದನೇನೋ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಇದ್ದ ನಮಗೆ ಸದ್ದು ನಿಲ್ಲಿಸುವವನೇ ದೇವರು.

ಮಗ್ಗ ಓಡುತ್ತಿರುವಾಗ ಅಕ್ಕ ಕತೆಯ ರುಚಿ ಮಾತ್ರ ತೋರಿಸುತ್ತಿದ್ದಳು. ಒಂದು ಕೈ ನೂಲಿನ ಮೇಲೆ, ಕಣ್ಣು ಲಾಳಿಯ ಮೇಲೆ, ನಮ್ಮ ಕಡೆ ಅರೆಗಳಿಗೆ ತಿರುಗಿ ಬಾಯಾಡಿಸುವಳು: "ಬಾವಿಗೆ... ತಳ್ಳುಬುಟ್ರು..." ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಬೇಕೆಂದೇ ಬೆನ್ನು ತಿರುಗಿಸುತ್ತಿದ್ದಳು. ಮಿಕ್ಕಿದ್ದು ಕರೆಂಟು ಹೋದ ಮೇಲೆ. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತು ಕಿವಿಯೊಳಗೆ ಗುಂಯ್ ಎನ್ನುವಾಗ ನಾವು, "ಮುಗಿಲಣ್ಣ ಬಂದ!" ಎಂದು ಕೂಗಿಕೊಂಡು ಎದುರು ಮನೆಗೆ ಓಡುತ್ತಿದ್ದೆವು. ಕರೆಂಟು ಹೋಯಿತೆಂದರೆ ಕೂಲಿ ಹೋಯಿತೆಂದು ಅರ್ಥ. ಜಗಲಿಯ ಮೇಲೆ ತಲೆಗೆ ಕೈ ಹೊತ್ತು ಕೂತ ದೊಡ್ಡವರ ಮುಂದೆ ಹೀಗೆ ಕುಣಿದದ್ದಕ್ಕೆ ಅಪ್ಪನ ಕೈಯಲ್ಲಿ ಏಟು ತಿಂದದ್ದುಂಟು. ಆದರೂ ದೇವರಿಗೆ ಕೈ ಮುಗಿದಾಗ ನಾನು ಕೇಳುತ್ತಿದ್ದದ್ದು ಒಂದೇ, ಕರೆಂಟು ತೆಗಿಯಪ್ಪಾ.

ಅಕ್ಕ ಹೊಸಿಲ ಮೇಲೆ ಕೂತು, ಪುಸ್ತಕವನ್ನು ಎದೆಗೆ ಒರಗಿಸಿ ಚಿತ್ರಗಳನ್ನು ನಮ್ಮ ಕಡೆ ತಿರುಗಿಸಿ ಹಿಡಿಯುತ್ತಿದ್ದಳು. ಮೊದಲೇ ಬಾಯಿಪಾಠ ಮಾಡಿಕೊಂಡು ಬಂದಿರುತ್ತಿದ್ದಳು. ದುಷ್ಟರಿಗೆಲ್ಲ ಒಡಕು ದನಿ, ಪೊಲೀಸರಿಗೆ ಮೂಗಿನ ದನಿ. ಮುಗಿಲಣ್ಣನ ಮಾತು ಬಂದಾಗ ಮಾತ್ರ ದನಿಯೇ ಇಲ್ಲ. ಬರೀ ತುಟಿ. ಮಗ್ಗ ನಿಂತಿರುವಾಗಲೂ ಅವನ ಮಾತನ್ನು ಅವಳು ಸದ್ದಿಲ್ಲದೆಯೇ ಹೇಳುತ್ತಿದ್ದಳು. ನಾವು ಮುಂದಕ್ಕೆ ಬಾಗಿ ಬಾಗಿ ಅವಳ ಬಾಯಿ ನೋಡುತ್ತಿದ್ದೆವು. ಆದ್ದರಿಂದ ನನ್ನ ಮುಗಿಲಣ್ಣನಿಗೆ ಇವತ್ತಿಗೂ ದನಿ ಇಲ್ಲ, ಅಕ್ಕನ ತುಟಿ ಇದೆ.

ಒಂದು ತಿಂಗಳು ಬಂದ ಪುಸ್ತಕದ ಕೊನೆಯಲ್ಲಿ ಮುಗಿಲಣ್ಣ ಹೊಳೆಯಲ್ಲಿ ಕಂಬಳಿ ಕಳೆದುಕೊಂಡ. ಪ್ರವಾಹ ಅವನನ್ನು ಎಳೆದುಕೊಂಡು ಹೋಯಿತು. ಕೊನೆಯ ಚಿತ್ರದಲ್ಲಿ ಅವನಿರಲಿಲ್ಲ. ಹಳ್ಳಿಯ ಮನೆ, ಬಾಗಿಲಲ್ಲಿ ಅವನ ಅಮ್ಮ, ಒಳಗೆ ಅವನಿಗೆಂದು ಮುಚ್ಚಿಟ್ಟ ಊಟದ ತಟ್ಟೆ. ಕೆಳಗೆ, ಮುಂದಿನ ಸಂಚಿಕೆಯಲ್ಲಿ ಎಂದು ಬರೆದಿತ್ತು.

ಮುಂದಿನ ಸಂಚಿಕೆ ಬರಲಿಲ್ಲ. ಅಕ್ಕ ಶನಿವಾರ ಶನಿವಾರವೂ ಹೋಗಿ ಕೇಳಿದಳು. ಕೊನೆಗೊಂದು ದಿನ ಅಂಗಡಿಯವನು, "ಅದು ನಿಂತೋಯ್ತು ಕಣಮ್ಮ, ಕಂಪ್ನಿಯೋರು ಬಾಗ್ಲು ಹಾಕ್ಕಂಡ್ರಂತೆ" ಎಂದನಂತೆ. ಅವತ್ತು ಬರಿಗೈಯಲ್ಲಿ ಬಂದು ಹೊಸಿಲ ಮೇಲೆ ಕೂತವಳನ್ನು ನೋಡಿ ನಮಗೆ ಅಳು ಬಂತು. ಅವಳನ್ನು ಸಮಾಧಾನ ಮಾಡಲು ನಾವು ಒಬ್ಬೊಬ್ಬರೂ ಒಂದೊಂದು ಕೊನೆ ಕಟ್ಟಿದೆವು. ಮೀನುಗಾರ ಎತ್ತಿಕೊಂಡ, ಕಂಬಳಿ ತಾನಾಗಿ ತೇಲಿಬಂತು, ಹೀಗೆ.

"ಪುಸ್ತಕ್ದಲ್ಲಿ ಇದ್ಯಾ?" ಎಂದಳು ಅಕ್ಕ.

"ಇಲ್ಲ."

"ಹಂಗಾದ್ರೆ ಅದು ನಿಮ್ ಕತೆ. ಅವಂದಲ್ಲ. ಇಲ್ಲದ್ದ ಹೇಳ್ಬಾರ್ದು."

ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡಳು: "ಅರ್ಧಕ್ಕೇ ಕುಯ್ದಿರೋ ಸೀರೇನ ಯಾರುಡ್ತಾರೆ? ಅವ್ನು ಹೋದ್ರೆ ಹೋದ. ಆ ತಾಯಿ ತಟ್ಟೆ ಮುಚ್ಚಿಟ್ಕಂಡು ಕಾಯ್ತಾವ್ಳಲ್ಲ, ಅವ್ಳಿಗೆ ಯಾರು ಹೇಳೋರು?"

ಅಲ್ಲಿಂದ ಮುಂದೆ ನಮ್ಮ ಬೀದಿಯಲ್ಲಿ ತಡವಾಗಿ ಬರುವವರಿಗೆ ಮುಚ್ಚಿಟ್ಟ ಊಟಕ್ಕೆ ಮುಗಿಲಣ್ಣನ ತಟ್ಟೆ ಎಂದೇ ಹೆಸರಾಯಿತು. ನಾನು ಮದುವೆಯಾಗಿ ಹೊಸಕೋಟೆಗೆ ಬಂದೆ, ಆ ಹೆಸರೂ ನನ್ನ ಜೊತೆ ಬಂತು. ಫ್ಯಾಕ್ಟರಿ ಪಾಳಿ ಮುಗಿಸಿ ಬರುವ ನನ್ನ ಗಂಡನೇ ಈಗ ಅಡುಗೆಮನೆಯಲ್ಲಿ, "ಎಲ್ಲೇ ಮುಗಿಲಣ್ಣನ ತಟ್ಟೆ?" ಎಂದು ಹುಡುಕುತ್ತಾನೆ. ಅವನು ಆ ಪುಸ್ತಕವನ್ನು ಕಣ್ಣಲ್ಲೂ ಕಂಡವನಲ್ಲ.

ವಯಸ್ಸಾಗುತ್ತ ಅಕ್ಕನ ಕಿವಿ ಹೋಯಿತು. ಜೀವಮಾನವಿಡೀ ಮಗ್ಗದ ಪಕ್ಕ ನಿಂತವರಿಗೆ ಅದು ಬಂದೇ ಬರುತ್ತದೆ. ಮಗಳು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ಮಿಷನ್ ಕೊಡಿಸಿದಳು. ಅಕ್ಕ ಅದನ್ನು ಎರಡು ದಿನ ಹಾಕಿಕೊಂಡು ಡಬ್ಬಿಯಲ್ಲಿಟ್ಟಳು. "ಮುಗಿಲಣ್ಣ ಬಂದು ಕಿವಿ ಮೇಲೆ ಕಂಬಳಿ ಹೊದಿಸ್ಬುಟ್ಟವ್ನೆ. ಇರ್ಲಿ ಬಿಡು, ಬೆಚ್ಚುಗೈತೆ" ಎಂದಳು. ನಿಜ ಹೇಳಬೇಕೆಂದರೆ ಅವಳಿಗೆ ನಷ್ಟವಾದದ್ದು ಕಡಿಮೆ. ತುಟಿ ಇತ್ತಲ್ಲ. ವಿಡಿಯೊ ಕಾಲ್ ಬಂದ ಮೇಲಂತೂ ನಮ್ಮಿಬ್ಬರಿಗೆ ಹಬ್ಬ. ನಾನು ಕೆಲಸ ಮಾಡುವ ಮೆಡಿಕಲ್ ಸ್ಟೋರಿನಲ್ಲಿ ಫೋನನ್ನು ಗಾಜಿಗೆ ಒರಗಿಸಿ ಸದ್ದಿಲ್ಲದೆ ಬಾಯಾಡಿಸುತ್ತಿದ್ದರೆ ಗಿರಾಕಿಗಳು ಈಯಮ್ಮನಿಗೇ ಮಾತ್ರೆ ಬೇಕಾಗಿದೆ ಎನ್ನುವ ಹಾಗೆ ನೋಡುತ್ತಿದ್ದರು.

ಮುಗಿಲವೀರ ಸಿನಿಮಾ ಆಗುತ್ತಿದ್ದಾನೆ ಎಂಬ ಸುದ್ದಿಯನ್ನು ನಾನು ಹೇಳಿದ್ದೂ ಹಾಗೆಯೇ. ಐದು ಭಾಷೆಯಲ್ಲಂತೆ, ಕೋಟಿ ಕೋಟಿ ಸುರಿದಿದ್ದಾರಂತೆ ಎಂದೆ. ಅದೊಂದೂ ಅವಳಿಗೆ ಬೇಡ.

"ಕೊನೆ ತೋರುಸ್ತಾರಾ?" ಎಂದಳು.

"ತೋರಿಸ್ದೆ ಏನು ಅಕ್ಕಾ. ಸಿನಿಮಾ ಅಂದ್ಮೇಲೆ ಕೊನೆ ಇದ್ದೇ ಇರುತ್ತೆ."

ಅವಳ ಮುಖ ನೋಡಬೇಕಿತ್ತು. ಅಷ್ಟು ವರ್ಷದ ಮೇಲೆ ಹೊಸಿಲ ಮೇಲಿನ ಅಕ್ಕ ಫೋನಿನಲ್ಲಿ ಕಂಡಳು. ಸಿನಿಮಾ ಬರುವ ತನಕ ದಿನ ಬಿಟ್ಟು ದಿನ ಅವಳೇ ಫೋನ್ ಮಾಡಿ, ಬಂತಾ ಎಂದು ಹುಬ್ಬು ಹಾರಿಸುತ್ತಿದ್ದಳು.

ಬಂತು. ನಾನು ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ ಅವಳನ್ನು ಕರೆದುಕೊಂಡು ದೇವನಹಳ್ಳಿಯ ಕಡೆ ಹೊಸದಾಗಿ ಆಗಿರುವ ಮಾಲಿಗೆ ಹೋದೆ. ತಾನೇ ನೇಯ್ದ ಗಿಳಿಹಸಿರು ಸೀರೆ ಉಟ್ಟಿದ್ದಳು, ತಲೆಗೆ ಮಲ್ಲಿಗೆ. ಸೀಟಿನಲ್ಲಿ ಮುಂದಕ್ಕೆ ಬಾಗಿ ಕೂತಳು, ನಾವು ಅವಳ ಮುಂದೆ ಕೂರುತ್ತಿದ್ದ ಹಾಗೆ.

ಸದ್ದು ನಿಲ್ಲಿಸುವವನ ಸಿನಿಮಾದಲ್ಲಿ ಅದೇನು ಸದ್ದೋ ದೇವರೇ! ಕೂತ ಕುರ್ಚಿ ಅದುರುತ್ತಿತ್ತು. ಅಕ್ಕ ಕೈಯನ್ನು ಕುರ್ಚಿಯ ಮೇಲೆ ಒತ್ತಿ, "ಮಗ್ಗ ಇಟ್ಟವ್ರೇನೇ ಒಳ್ಗೆ?" ಎಂದು ಕೇಳಿದಳು. ಕಂಬಳಿ ಇರಲಿಲ್ಲ. ಅದರ ಬದಲು ಮಿರಮಿರ ಮಿಂಚುವ ಕವಚ, ಅದರ ಮೇಲೆ ಸಿಕ್ಸ್‌ಪ್ಯಾಕ್ ಹೊಟ್ಟೆಯ ಗಂಟುಗಳು. ನಮ್ಮ ಮಾತಿಲ್ಲದ ಮುಗಿಲಣ್ಣ ನಿಂತರೊಂದು ಡೈಲಾಗು, ಕೂತರೊಂದು ಡೈಲಾಗು. ನನಗೆ ಕೂತಲ್ಲೇ ತಲೆ ಕೆಟ್ಟುಹೋಯಿತು. ಇದೆಲ್ಲವನ್ನೂ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ಸಿನಿಮಾ ಶುರುವಾಗಿ ಪಾಪ್‌ಕಾರ್ನ್ ಮುಗಿಯುವುದಕ್ಕೆ ಮೊದಲೇ ದುಷ್ಟರು ಹಳ್ಳಿಯ ಮನೆಗೆ ಬೆಂಕಿ ಇಟ್ಟರು, ಅವನ ಅಮ್ಮ ಒಳಗೇ ಸತ್ತುಹೋದಳು.

ಅಕ್ಕ ನನ್ನ ಕೈ ಹಿಡಿದಳು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ಜೋರೆಂದು ತಿಳಿಯುವುದಿಲ್ಲ. ಇಡೀ ಹಾಲಿಗೆ ಕೇಳುವ ಹಾಗೆ, "ತಾಯೀನ ಯಾಕೇ ಸಾಯ್ಸುದ್ರು?" ಎಂದಳು.

ಮುಂದಿನ ಸಾಲಿನ ಹುಡುಗನೊಬ್ಬ ತಿರುಗಿ, "ಬಿಲ್ಡಪ್‌ಗೆ ಅಜ್ಜಿ! ಆಗ್ಲೇ ಅಲ್ವಾ ಹೀರೋಗೆ ಕೋಪ ಬರೋದು?" ಎಂದ. ಅವನ ಜೊತೆಯವರು ನಕ್ಕರು. ಕತ್ತಲಲ್ಲಿ ಅವನ ತುಟಿ ಅಕ್ಕನಿಗೆ ಕಾಣಲಿಲ್ಲ, ಪುಣ್ಯ. ನನಗೆ ಕೇಳಿಸಿತು.

ಇಂಟರ್ವಲ್‌ನಲ್ಲಿ ದೀಪ ಹತ್ತಿದಾಗ ಅವಳು ಬಳಲಿದ್ದಳು. ಕಣ್ಣು ಉಜ್ಜಿಕೊಂಡು, "ಅವ್ನ ಮಾತು ಒಂದೂ ತಿಳೀತಿಲ್ಲ ಕಣೇ. ಬಾಯಿ ಕನ್ನಡದ್ದಲ್ಲ" ಎಂದಳು.

ನನಗೆ ಆಗ ಹೊಳೆಯಿತು. ಐದು ಭಾಷೆಯ ಸಿನಿಮಾ. ನಟಿಸಿದ್ದು ಇನ್ನಾವುದೋ ಭಾಷೆಯಲ್ಲಿ, ಕನ್ನಡದ ದನಿಯನ್ನು ಆಮೇಲೆ ಅಂಟಿಸಿದ್ದರು. ಹಾಲಿನಲ್ಲಿದ್ದ ಎಲ್ಲರೂ ಕನ್ನಡ ಕೇಳುತ್ತಿದ್ದರು. ತುಟಿ ನೋಡುತ್ತಿದ್ದವಳು ಅಕ್ಕ ಒಬ್ಬಳೇ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು, ಆದರೆ ಮಗ್ಗದ ಮನೆ ಬಿಟ್ಟು ಎಷ್ಟೋ ಕಾಲವಾಗಿ ನಾನೂ ಕಿವಿಯವಳಾಗಿಬಿಟ್ಟಿದ್ದೆ. ವಿಷಯ ಬಿಡಿಸಿ ಹೇಳಿದೆ. ಅವಳು, "ನಮ್ಮತ್ರ ಕನ್ನಡದಲ್ಲೇ ಮಾತಾಡ್ತಿದ್ದ. ಈಗೇನು ಬಂತವ್ನಿಗೆ?" ಎಂದಳು. ಮನೆಗೆ ಬಂದ ನೆಂಟ ಗುರುತೇ ಹಿಡಿಯದೆ ಹೋದರೆ ಆಗುವಂಥ ನೋವು ಆ ಮಾತಿನಲ್ಲಿತ್ತು.

"ಎದ್ದು ಹೋಗೋಣ್ವಾ ಅಕ್ಕಾ?"

"ಬ್ಯಾಡ. ಕೊನೇಲಿ ಮನೇಗೆ ಬತ್ತಾನೇನೋ ನೋಡನ."

ಮನೆ ಸುಟ್ಟಿದೆ, ತಾಯಿ ಸತ್ತಿದ್ದಾಳೆ, ಇನ್ನೆಲ್ಲಿಗೆ ಬರುತ್ತಾನೆ ಎಂದು ನಾನು ಹೇಳಲಿಲ್ಲ. ಅವಳಿಗೂ ಗೊತ್ತಿತ್ತು. ಆದರೂ ಕೂತಳು. ಮಿಕ್ಕ ಸಿನಿಮಾವನ್ನೆಲ್ಲ ಬೆನ್ನು ಬಗ್ಗಿಸಿಕೊಂಡು, ಪರದೆಯ ಮೇಲಿನ ಆ ಬೇರೆ ಭಾಷೆಯ ಬಾಯನ್ನೇ ನೋಡುತ್ತ ಕೂತಳು. ಕೊನೆಗೆ ಮುಗಿಲವೀರ ಒಂದು ಬೆಟ್ಟದ ತುದಿಯಿಂದ ಹಾರಿದ. ಪರದೆ ಕಪ್ಪಾಯಿತು. ದಪ್ಪ ಕನ್ನಡ ಅಕ್ಷರ ಮೂಡಿತು. ಅಕ್ಕ ಗಟ್ಟಿಯಾಗಿ ಓದಿದಳು: "ಎರಡನೇ ಭಾಗದಲ್ಲಿ." ಓದಿ, ನನ್ನ ಕಡೆ ತಿರುಗಿ, "ಮತ್ತೆ ಅದೇ ಮಾಡುದ್ರು ನೋಡೇ ಇವ್ರು!" ಎಂದು ನಕ್ಕಳು. ನಗುತ್ತ ಇದ್ದವಳ ಕಣ್ಣಲ್ಲಿ ನೀರಿತ್ತು.

ದೇವನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಬಳ್ಳಾಪುರದ ಬಸ್ಸಿಗೆ ಕಾಯುತ್ತ ಕೂತೆವು. ಸುತ್ತ ಹಾರನ್ನು, ಕಂಡಕ್ಟರುಗಳ ಕೂಗು, ಸೌತೆಕಾಯಿ ಮಾರುವವರ ಕೂಗು. ಅಕ್ಕ ಮಡಿಲಲ್ಲಿ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದಳು. "ಅವ್ನು ಬೇರೆ ಯಾರೋ. ನಮ್ಮೋನು ಇನ್ನೂ ಬಂದಿಲ್ಲ" ಎಂದಳು. ಅವಳನ್ನು ಹಾಗೆ ನೋಡಲು ನನ್ನಿಂದ ಆಗಲಿಲ್ಲ. ಎದ್ದು ಅವಳೆದುರು ಮಂಡಿಯೂರಿ ಕೂತೆ. ಅವಳ ಗಲ್ಲ ಮುಟ್ಟಿ ಮುಖ ನನ್ನ ಕಡೆ ತಿರುಗಿಸಿದೆ. ಸದ್ದಿಲ್ಲದೆ, ಅವಳೇ ಕಲಿಸಿದ ಹಾಗೆ, ಬಾಯಾಡಿಸಿದೆ.

"ಹೊಳೆ ಇಳೀತು. ಮುಗಿಲಣ್ಣ ದಡಕ್ಕೆ ಬಂದ. ಕಂಬಳಿ ಇಲ್ಲ. ನಡ್ಕೊಂಡೇ ಊರಿಗೆ ಬಂದ."

ಅಕ್ಕನ ಕಣ್ಣು ನನ್ನ ತುಟಿಗೆ ಅಂಟಿಕೊಂಡಿತು.

"ಬಾಗ್ಲಲ್ಲಿ ಅಮ್ಮ. ಏನೂ ಕೇಳ್ಲಿಲ್ಲ. ಕೈ ತೊಳ್ಕೋ ಅಂದ್ಲು. ಮುಗಿಲಣ್ಣ ಕೂತ. ತಟ್ಟೆ ಮೇಲಿನ ಮುಚ್ಚಳ ತೆಗ್ದ. ಹಿತಕಿದ ಅವರೆಬೇಳೆ ಸಾರು..."

ಅವಳಿಗೆ ಪ್ರಾಣವಾದ ಸಾರು ಅದು. ಒಂದು ಗಳಿಗೆ ಅವಳ ಮುಖ ಅರಳಿತು. ಆಮೇಲೆ ಕೈ ಎತ್ತಿ ನನ್ನ ಬಾಯಿ ಮುಚ್ಚಿದಳು.

"ಪುಸ್ತಕ್ದಲ್ಲಿ ಇದ್ಯಾ?"

ಎಷ್ಟು ಜನರಿಗೆ ಎಷ್ಟು ಸುಳ್ಳು ಹೇಳಿದ್ದೇನೆ! ಅವಳಿಗೆ ಹೇಳಲು ಆಗಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ.

"ಹಂಗಾದ್ರೆ ಬ್ಯಾಡ" ಎಂದಳು. ಕೆನ್ನೆ ತಟ್ಟಿದಳು. "ಚೆನ್ನಾಗ್ ಹೇಳ್ದೆ. ಆದ್ರೆ ಬ್ಯಾಡ." ಅಷ್ಟರಲ್ಲಿ ಬಸ್ಸು ಬಂತು.

ಅದಾದ ಮೇಲೂ ವಿಡಿಯೊ ಕಾಲಿನಲ್ಲಿ ಸಿಗುತ್ತಿದ್ದೆವು. ಸಿನಿಮಾದ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಳಿಗಾಲದ ಒಂದು ಬೆಳಿಗ್ಗೆ ಅವಳ ನಂಬರಿನಿಂದ ಫೋನ್ ಬಂತು. ವಿಡಿಯೊ ಅಲ್ಲ, ಮಾಮೂಲಿ ಕಾಲ್. ಅಕ್ಕ ಮಾಮೂಲಿ ಕಾಲ್ ಮಾಡುವುದಿಲ್ಲ. ಅವಳ ಮಗಳು. "ಅಕ್ಕ ಹೋಗ್ಬುಟ್ಲು ಕಣೇ. ನಿದ್ದೇಲೇ."

ನಮ್ಮ ಬೀದಿಯಲ್ಲೊಂದು ಪದ್ಧತಿ ಇದೆ. ಯಾರದೇ ಮನೆಯಲ್ಲಿ ಸಾವಾದರೂ ದೇಹ ಎತ್ತುವ ತನಕ ಬೀದಿಯಲ್ಲಿ ಯಾರೂ ಮಗ್ಗ ಹಾಕುವುದಿಲ್ಲ. ಹಬ್ಬದ ಆರ್ಡರ್ ಇರಲಿ, ಏನೇ ಇರಲಿ. ಬಸ್ಸಿಳಿದು ಬೀದಿಯ ತಿರುವಿಗೆ ಬಂದಾಗ ಆ ಮೌನ ನನ್ನನ್ನು ತಡೆದು ನಿಲ್ಲಿಸಿತು. ಕರೆಂಟು ಇತ್ತು, ಮನೆಗಳಲ್ಲಿ ದೀಪ ಉರಿಯುತ್ತಿತ್ತು, ಆದರೂ ಒಂದು ಲಾಳಿ ಅಲುಗುತ್ತಿರಲಿಲ್ಲ. ಕಿವಿಯೊಳಗೆ ಅದೇ ಹಳೆಯ ಗುಂಯ್. ಮುಗಿಲಣ್ಣ ಬಂದ ಎಂದು ಕೂಗಿಕೊಂಡು ಓಡುತ್ತಿದ್ದ ಬೀದಿಯಲ್ಲಿ ನಾನು ಬಾಯಿಗೆ ಸೆರಗು ಇಟ್ಟುಕೊಂಡು ನಡೆದೆ.

ಅಕ್ಕನನ್ನು ಮಗ್ಗದ ಮನೆಯಲ್ಲೇ, ಆ ಹೊಸಿಲ ಒಳಗೆ, ಮಲಗಿಸಿದ್ದರು. ಅದೇ ಗಿಳಿಹಸಿರು ಸೀರೆ ಹೊದಿಸಿದ್ದರು. ಹಿಂದೆ ಮಗ್ಗದ ಮೇಲೆ ಯಾರದೋ ಸೀರೆ ಅರ್ಧ ನೇಯ್ದು ನಿಂತಿತ್ತು. ಮಗಳು ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಆಮೇಲೆ ಅವಳು ಬಂದವರ ಕಡೆ ಹೋದಾಗ ನಾನು ಅಕ್ಕನ ಮುಖದ ಹತ್ತಿರ ಕೂತೆ. ಮಗ್ಗದ ಸದ್ದಿಲ್ಲ. ಬಾಯಿಬಿಟ್ಟು ಹೇಳಿದ್ದರೆ ಎಲ್ಲರಿಗೂ ಕೇಳುತ್ತಿತ್ತು. ಆದರೂ ದನಿ ತೆಗೆಯಲಿಲ್ಲ. ಅವಳು ಮುಗಿಲಣ್ಣನ ಮಾತನ್ನು ಹೇಳುತ್ತಿದ್ದ ಹಾಗೆ, ಬರೀ ತುಟಿಯಲ್ಲಿ, ನಿಧಾನವಾಗಿ, ಬಸ್‌ಸ್ಟ್ಯಾಂಡಿನಲ್ಲಿ ನಿಂತುಹೋದ ಕಡೆಯಿಂದ ಹೇಳಿದೆ.

"ಊಟ ಮಾಡ್ದ ಅಕ್ಕಾ. ಹೊಟ್ಟೆ ತುಂಬ ಮಾಡ್ದ. ಅವರಮ್ಮನೂ ಮಾಡಿದ್ಲು."

ಪುಸ್ತಕದಲ್ಲಿ ಇದೆಯಾ ಎಂದು ಅವಳು ಕೇಳಲಿಲ್ಲ.